ಬಿಸಿ ಇಳಿಸುವ ಪುಡಿ

ಸಿತಿಯುಂಗ್, ಪಶ್ಚಿಮ ಸುಮಾತ್ರ
4 ಮಾರ್ಚ್ 1996

ಗಿಯಾರ್ತಿ ಅಕ್ಕನಿಗೆ,

ದೂರದಿಂದಲೇ ನಿನ್ನ ಮೊಣಕಾಲಿಗೆ ಹಣೆ ಹಚ್ಚುತ್ತಿದ್ದೇನೆ. ಎರಡು ವರ್ಷದ ಮೇಲೆ ಕಾಗದ ಬರೆಯುವವಳು ಏನೋ ಕೇಳಲಿಕ್ಕೇ ಬರೆದಿರಬೇಕು ಎಂದು ನೀನು ಅಂದುಕೊಂಡರೆ ಅದು ಸರಿಯೇ. ಸುತ್ತಿ ಬಳಸದೆ ಹೇಳಿಬಿಡುತ್ತೇನೆ.

ನನಗೆ ಮುಟ್ಟು ನಿಂತು ಹತ್ತು ತಿಂಗಳಾಯಿತು. ನಿಂತದ್ದಕ್ಕೆ ದುಃಖವಿಲ್ಲ. ಆದರೆ ನಿಂತ ಮೇಲೆ ಶುರುವಾದದ್ದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ನಾಲ್ಕನೇ ತರಗತಿಗೆ ಭಾಗಾಕಾರ ಹೇಳಿಕೊಡುತ್ತಿರುವಾಗ ಎದೆಯೊಳಗಿಂದ ಬಿಸಿ ಎದ್ದು ಕುತ್ತಿಗೆ, ಕಿವಿ, ನೆತ್ತಿಯವರೆಗೆ ಏರುತ್ತದೆ. ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿಕೊಳ್ಳುತ್ತದೆ. ಐದು ನಿಮಿಷಕ್ಕೆ ಅದೇ ಬೆವರು ತಣ್ಣಗಾಗಿ ಹಲ್ಲು ಕಟಕಟಿಸುತ್ತದೆ. ಬೆರಳ ಗೆಣ್ಣುಗಳು ಬೆಳಿಗ್ಗೆ ಬಿಗಿದುಕೊಂಡಿರುವುದರಿಂದ ಸೀಮೆಸುಣ್ಣ ಜಾರಿ ಬೀಳುತ್ತದೆ. ನಿದ್ದೆಯಂತೂ ನನ್ನ ಮನೆಯ ದಾರಿಯನ್ನೇ ಮರೆತಿದೆ. ನಮ್ಮ ಮನೆಯವರು ಸೈಮುನ್ ಮೊದಮೊದಲು ಬೀಸಣಿಗೆ ಹಿಡಿದು ಪಕ್ಕದಲ್ಲಿ ಕೂತರು. ಈಗ ಚಾಪೆ ಸುತ್ತಿಕೊಂಡು ಹೊರಗಿನ ಕೋಣೆಗೆ ಹೋಗಿದ್ದಾರೆ. ಸೂಲಗಿತ್ತಿಯನ್ನು ಕೇಳಿದರೆ, "ವಯಸ್ಸಾಯ್ತಲ್ಲ ಟೀಚರಮ್ಮ, ಇನ್ನೇನ್ ಮದ್ವೆ ಆಗ್ಬೇಕಾ?" ಎಂದು ನಗುತ್ತಾಳೆ.

ಪಕ್ಕದ ಮನೆಯ ದರ್ಸಿನಿಯದೂ ಇದೇ ಪಾಡು. ನಮ್ಮ ಮನೆಯವರ ಊರು ಅಣೆಕಟ್ಟಿನಲ್ಲಿ ಮುಳುಗಿದ ವರ್ಷ ನಾವು ಒಂದೇ ಬಸ್ಸಿನಲ್ಲಿ ಇಲ್ಲಿಗೆ ಬಂದವರು. ಅವಳು ವಿಧವೆ. ಮುಂಜಾನೆ ರಬ್ಬರ್ ಮರ ಕೆತ್ತಿ ಹಾಲು ಇಳಿಸುತ್ತಾಳೆ, ಹಗಲು ಸೋಯಾಕಾಳು ಹುದುಗಿಸಿ ತೆಂಪೆ ಮಾಡಿ ಮಾರುತ್ತಾಳೆ. ಪಾತ್ರೆಯ ಮುಚ್ಚಳದಿಂದ ಗಾಳಿ ಹಾಕಿಕೊಳ್ಳುತ್ತ, "ಒಳಗೆ ಒಲೆ ಹತ್ಕೊಂಡಿದೆ ಟೀಚರಮ್ಮ, ಮೇಲೊಂದು ಮಡಕೆ ಇಟ್ರೆ ಅನ್ನಾನಾದ್ರೂ ಬೇಯುತ್ತೆ" ಅನ್ನುತ್ತಾಳೆ. ನನಗೆ ಅವಳ ಹಾಗೆ ನಗಲು ಬರುವುದಿಲ್ಲ.

ಅಮ್ಮನ ಹತ್ತಿರ ಈ ವಯಸ್ಸಿನವರಿಗೆಂದೇ ಒಂದು ಜಾಮು ಇತ್ತಲ್ಲ, ಬೇರುಗಳನ್ನು ಅರೆದು ಮಾಡುವ ಮದ್ದು. ಸೊಲೊ ಪೇಟೆಯ ಬಟ್ಟೆ ಅಂಗಡಿ ಹೆಂಗಸರು ಕಾದು ಕುಳಿತು ಕುಡಿಯುತ್ತಿದ್ದದ್ದು. ಅದನ್ನು ಒಣ ಪುಡಿ ಮಾಡಿ ಅಂಚೆಯಲ್ಲಿ ಕಳಿಸಲಾಗುತ್ತದೆಯೇ? ಅಮ್ಮ ಜಾಮು ಹೊತ್ತು ಮಾರುತ್ತಿದ್ದ ಬುಟ್ಟಿ ನಿನಗೆ ಬಂತು. ಬುಟ್ಟಿಯೊಳಗಿನ ವಿದ್ಯೆಯೂ ಬಂದಿರಬೇಕು.

ನಿನ್ನ ತಂಗಿ,
ವುರ್ಯಾನಿ


ಕೆದುಂಗ್‌ಸೊನೊ, ಸುಕೊಹರ್ಜೊ, ಜಾವಾ
29 ಮಾರ್ಚ್ 1996

ವುರ್ಯಾನಿಗೆ,

ಕಾಗದ ಬಂತು. ಅಮ್ಮ ತೀರಿಕೊಂಡಾಗ ತಂತಿ ಕೊಟ್ಟಿದ್ದೆ. ನೂರನೇ ದಿನದ ಪ್ರಾರ್ಥನೆಗೆ ಕಾಗದ ಹಾಕಿದ್ದೆ. ಶಾಲೆಯಲ್ಲಿ ಪರೀಕ್ಷೆ ಇದೆ ಎಂದು ಬರೆದಿದ್ದೆ ನೀನು. ಈಗ ನಿನ್ನ ಮೈ ಬಿಸಿಯಾಗಿದೆ, ಅಮ್ಮ ನೆನಪಾಗಿದ್ದಾಳೆ. ಇರಲಿ.

ನನಗೂ ನಿಂತಿತು, ಐದು ವರ್ಷದ ಹಿಂದೆ. ಅಮ್ಮನಿಗೆ ಒಂದು ಭಾಗ ಬಿದ್ದುಹೋಗಿ ಹಾಸಿಗೆ ಹಿಡಿದ ವರ್ಷವೇ. ಅವಳ ಮಗ್ಗುಲು ಬದಲಿಸಲು ಬಗ್ಗಿದರೆ ನನ್ನ ಬೆವರು ಅವಳ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳಿಗೆ ಒರೆಸಿಕೊಳ್ಳಲು ಕೈ ಏಳುತ್ತಿರಲಿಲ್ಲ. ಹೇಗಿದ್ದೀಯೆ ಎಂದು ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಯಾರಿಗೂ ಬರೆದು ಪುಡಿ ತರಿಸಲಿಲ್ಲ.

ನೀನು ಕೇಳಿದ್ದನ್ನು ಕಳಿಸಿದ್ದೇನೆ. ಅರಿಶಿನ, ಕಚ್ಚೂರ, ಒಣಶುಂಠಿ, ನೆಲಬೇವು, ಅಮೃತಬಳ್ಳಿಯ ಕಾಂಡ. ಎಲ್ಲ ನೆರಳಲ್ಲಿ ಒಣಗಿಸಿ ಅಮ್ಮನ ಕಲ್ಲಿನ ಮೇಲೆ ಅರೆದು ಜರಡಿ ಹಿಡಿದದ್ದು. ಬೆಳಿಗ್ಗೆ ಒಂದು ಚಮಚ ಬಿಸಿನೀರಿಗೆ ಹಾಕಿ, ಹುಣಸೆಹುಳಿ ಕಿವುಚಿ, ತಾಳೆಬೆಲ್ಲ ಸೇರಿಸಿ ಕುಡಿ. ಕಹಿ ಎಂದು ಬೆಲ್ಲ ಹೆಚ್ಚು ಸುರಿಯಬೇಡ. ಸಂಜೆ ಕಾಫಿ ಬಿಡು. ಮೆಣಸಿನಕಾಯಿ ಕಡಿಮೆ ಮಾಡು. ದರ್ಸಿನಿ ಮಾಡುವ ತೆಂಪೆಯನ್ನು ದಿನವೂ ತಿನ್ನು, ಅದು ಒಳ್ಳೆಯದು. ಬಿಸಿಲೇರುವ ಮುಂಚೆ ಅರ್ಧ ಗಂಟೆ ನಡೆ. ಬಿಸಿ ಏರಿದಾಗ ಒದ್ದೆ ಬಟ್ಟೆಯನ್ನು ಕತ್ತಿನ ಹಿಂದೆ ಇಟ್ಟುಕೊಂಡು ಉಸಿರನ್ನು ನಿಧಾನ ಬಿಡು. ತಾಳ್ಮೆ ಇರಲಿ. ಇದು ತಿಂಗಳುಗಟ್ಟಲೆ ಕುಡಿಯುವಂಥದ್ದು, ಮೂರು ದಿನದ್ದಲ್ಲ.

ಅಕ್ಷರ ಸೊಟ್ಟಗಿದ್ದರೆ ತಿದ್ದಿಕೊಂಡು ಓದು. ಮೂರನೇ ಕ್ಲಾಸಿಗೆ ಬಿಡಿಸಿ ಕಲ್ಲಿನ ಮುಂದೆ ಕೂರಿಸಿದ್ದು ನನ್ನನ್ನು. ನಿನ್ನನ್ನಲ್ಲ.

ಗಿಯಾರ್ತಿ


ಸಿತಿಯುಂಗ್
10 ಜೂನ್ 1996

ಅಕ್ಕನಿಗೆ,

ಪುಡಿ ತಲುಪಿ ಎರಡು ತಿಂಗಳಾಯಿತು. ನೀನು ಹೇಳಿದ ಹಾಗೆಯೇ ಕುಡಿದೆ. ಕಾಫಿ ಬಿಟ್ಟೆ, ಮೆಣಸು ಬಿಟ್ಟೆ, ಹುಚ್ಚಿಯ ಹಾಗೆ ಮುಂಜಾನೆ ರಬ್ಬರ್ ತೋಟದ ದಾರಿಯಲ್ಲಿ ನಡೆದೆ. ಬಾಯಿ ಕಹಿಯಾದದ್ದೊಂದೇ ಲಾಭ.

ಹೋದ ವಾರ ಶಾಲೆಯ ತಪಾಸಣೆಗೆ ಮೇಲಧಿಕಾರಿ ಬಂದಿದ್ದರು. ನಮ್ಮ ಮುಖ್ಯೋಪಾಧ್ಯಾಯರು ಬರುವ ವರ್ಷ ನಿವೃತ್ತರಾಗುತ್ತಾರೆ. ಆ ಜಾಗಕ್ಕೆ ನನ್ನ ಹೆಸರಿದೆ. ನಾನು ಪಾಠ ಮಾಡುತ್ತಿದ್ದಾಗಲೇ ಆ ಬಿಸಿ ಏರಿತು. ಕನ್ನಡಕದ ಗಾಜು ಮಬ್ಬಾಯಿತು. ಬೆವರು ಹನಿದು ಹಾಜರಿ ಪುಸ್ತಕದ ಶಾಯಿ ಹರಡಿತು. ಮುಂದಿನ ಬೆಂಚಿನಲ್ಲಿ ಒಬ್ಬಳು ಕಿಸಕ್ಕೆಂದಳು. ನನ್ನ ಕೈ ಹೇಗೆ ಎದ್ದಿತೋ ಗೊತ್ತಿಲ್ಲ, ಅವಳ ಕೆನ್ನೆಗೆ ಬಾರಿಸಿದೆ. ಇಪ್ಪತ್ತಾರು ವರ್ಷದಲ್ಲಿ ನಾನು ಮಕ್ಕಳ ಮೇಲೆ ಕೈ ಮಾಡಿದವಳಲ್ಲ. ಅಧಿಕಾರಿ ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಹೋಗುವಾಗ ಮುಖ್ಯೋಪಾಧ್ಯಾಯರ ಹತ್ತಿರ, "ಆಯಮ್ಮಂಗೆ ಆರೋಗ್ಯ ಸರಿ ಇಲ್ವಾ?" ಎಂದರಂತೆ.

ಆ ಹೆಂಗಸರು ಅಮ್ಮನ ಜಾಮು ಕುಡಿದು ಹಗುರಾಗಿ ಎದ್ದು ಹೋಗುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿನ್ನದರಲ್ಲಿ ಅದಿಲ್ಲ. ಬೇರು ಅದೇ, ಕಲ್ಲು ಅದೇ ಇರಬಹುದು. ಅಮ್ಮನ ಕೈಗುಣ ನಿನಗೆ ಬಂದಿಲ್ಲ ಅಕ್ಕ. ಬೇಸರ ಮಾಡಿಕೊಳ್ಳಬೇಡ, ಇದ್ದದ್ದನ್ನು ಹೇಳಿದೆ. ಇನ್ನು ಪುಡಿ ಕಳಿಸುವ ಶ್ರಮ ಬೇಡ.

ವುರ್ಯಾನಿ


ಕೆದುಂಗ್‌ಸೊನೊ
2 ಜುಲೈ 1996

ವುರ್ಯಾನಿಗೆ,

ಇದರ ಜೊತೆ ಬೇರೆ ಪುಡಿ ಇಟ್ಟಿದ್ದೇನೆ. ಅಮ್ಮ ಎಲ್ಲರಿಗೂ ಕೊಡುತ್ತಿರಲಿಲ್ಲ ಇದನ್ನು. ನಾನೂ ಮೊದಲು ಕಳಿಸಿರಲಿಲ್ಲ. ಬೆಳಿಗ್ಗೆ ಊಟವಾದ ಮೇಲೆ ಒಂದೇ ಚಮಚ, ಬರಿ ಹೊಟ್ಟೆಯಲ್ಲಿ ಬೇಡ. ಏನೇನು ಹಾಕಿದ್ದೀಯೆ ಎಂದು ಕೇಳಬೇಡ.

ಗುಣವಾದರೆ ಬರೆ.

ಗಿಯಾರ್ತಿ


ಸಿತಿಯುಂಗ್
11 ಆಗಸ್ಟ್ 1996

ನನ್ನ ಅಕ್ಕನಿಗೆ,

ಈ ಕಾಗದವನ್ನು ಹೇಗೆ ಶುರುಮಾಡಲಿ? ಮೂರು ದಿನ ಅಕ್ಕ, ಮೂರೇ ದಿನ. ನಾಲ್ಕನೇ ದಿನ ಬೆಳಿಗ್ಗೆ ಎದ್ದರೆ ಬೆರಳು ತಾನಾಗಿ ಮಡಿಚಿಕೊಂಡಿತು. ಮೊಣಕಾಲು ಯಾರದೋ ಎಳೆಯ ಹುಡುಗಿಯದು ಅನ್ನಿಸಿತು. ನಿದ್ದೆ ಎಂದರೆ, ಕೋಳಿ ಕೂಗಿದ್ದೂ ಕೇಳುವುದಿಲ್ಲ. ಹಸಿವು ಹೊತ್ತುಹೊತ್ತಿಗೆ ಬಂದು ಎಬ್ಬಿಸುತ್ತದೆ. ಬಿಸಿ ಈಗಲೂ ಒಮ್ಮೊಮ್ಮೆ ಏರುತ್ತದೆ, ಆದರೆ ಅದು ಯಾರ ಮನೆಯದೋ ಜಗಳದ ಹಾಗೆ ದೂರದಲ್ಲಿ ಕೇಳಿಸುತ್ತದೆ. ನಮ್ಮ ಮನೆಯವರು ಚಾಪೆಯನ್ನು ಒಳಗೆ ತಂದಿದ್ದಾರೆ.

ಹೋದ ಕಾಗದದಲ್ಲಿ ಬರೆದದ್ದಕ್ಕೆ ನಾಚಿಕೆಯಾಗುತ್ತಿದೆ. ಅಮ್ಮನ ಕೈ ನಿನ್ನ ಕೈಯಲ್ಲೇ ಇದೆ. ಅಮ್ಮನನ್ನೂ ಮೀರಿಸಿದೆ.

ದರ್ಸಿನಿಗೆ ಒಂದು ಪೊಟ್ಟಣ ಕೊಟ್ಟೆ. ಅವಳು ಆಗಲೇ ಕೇರಿಯಿಡೀ ಸಾರಿಕೊಂಡು ಬಂದಿದ್ದಾಳೆ, "ನಮ್ ಟೀಚರಮ್ಮನ ಅಕ್ಕ ಮುದುಕೀರ್ನ ಅರೆದು ಹುಡ್ಗೀರ್ನ ತೆಗೀತಾರೆ" ಎಂದು. ಅವಳು ಮುಂಚೆ ಅರ್ಧ ಸಾಲು ಮರ ಕೆತ್ತಿ ಕೂತುಬಿಡುತ್ತಿದ್ದಳು. ಈಗ ಪೂರ್ತಿ ಸಾಲು ಮುಗಿಸಿ ಮಗಳ ಪಾಲಿನದಕ್ಕೂ ಕೈ ಹಚ್ಚುತ್ತಾಳೆ. ಲಿಸ್ತ್ಯಾರಿ ಎಂದು ಅವಳಿಗೆ ಒಬ್ಬಳೇ ಮಗಳು, ಮದುವೆಯಾಗಿ ಇದೇ ಊರಿನಲ್ಲಿದ್ದಾಳೆ.

ಇನ್ನು ಹತ್ತು ಪೊಟ್ಟಣ ಕಳಿಸು. ಇಲ್ಲಿಯ ಕಾಫಿಬೀಜ ಹುರಿದು ಕಳಿಸಿದ್ದೇನೆ.

ನಿನ್ನ,
ವುರ್ಯಾನಿ


ಕೆದುಂಗ್‌ಸೊನೊ
3 ಸೆಪ್ಟೆಂಬರ್ 1996

ತಂಗಿ ವುರ್ಯಾನಿಗೆ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಕಣ್ಣು ಸಾಲದೆ ಒಂದು ಸಲ ಪಕ್ಕದ ಮನೆಯವಳ ಕೈಲಿ ಓದಿಸಿದೆ. ಅಮ್ಮನನ್ನೂ ಮೀರಿಸಿದೆ ಎಂದು ಬರೆದದ್ದನ್ನು ಅವಳು ಜೋರಾಗಿ ಓದಿದಳು. ಇನ್ನೊಮ್ಮೆ ಓದು ಎಂದೆ.

ಆದರೂ ಹೇಳುತ್ತೇನೆ ಕೇಳು. ಇದನ್ನು ಬಹಳ ದಿನ ಕುಡಿಯುವುದು ಬೇಡ. ಗುಣವಾಯಿತಲ್ಲ, ವಾರಕ್ಕೆ ಎರಡು ದಿನ ಸಾಕು. ಇಲ್ಲವೆಂದರೆ ಮೊದಲು ಕಳಿಸಿದ ಕಹಿ ಪುಡಿಗೇ ಮರಳು. ಬೇರೆಯವರಿಗೆ ಹಂಚಬೇಡ. ಒಬ್ಬೊಬ್ಬರ ದೇಹ ಒಂದೊಂದು ತರಹ.

ನೀನು ಹತ್ತು ಕೇಳಿದ್ದೆ. ಹತ್ತು ಇಟ್ಟಿದ್ದೇನೆ. ಕಾಫಿ ಚೆನ್ನಾಗಿದೆ. ಹಬ್ಬಕ್ಕೆ ಬರುತ್ತೀಯಾ?

ನಿನ್ನ ಅಕ್ಕ,
ಗಿಯಾರ್ತಿ


ಸಿತಿಯುಂಗ್
12 ಜನವರಿ 1997

ಅಕ್ಕನಿಗೆ,

ಅಕ್ಟೋಬರಿನಲ್ಲಿ ಇನ್ನು ಹತ್ತು ಕೇಳಿ ಬರೆದಿದ್ದೆ, ನೀನು ಕಳಿಸಿದೆ. ಅದು ಅಂಚೆಯಲ್ಲಿ ಎಲ್ಲೋ ಸಿಕ್ಕಿಕೊಂಡು ತಡವಾಗಿ ಬಂತು. ನನ್ನ ಹತ್ತಿರ ಇದ್ದದ್ದು ಡಿಸೆಂಬರ್ ಮೊದಲ ವಾರಕ್ಕೆ ಮುಗಿಯಿತು. ಮುಗಿದ ಐದನೇ ದಿನ ತರಗತಿಯಲ್ಲೇ ಕುಸಿದುಬಿದ್ದೆ. ವಾಂತಿ, ಕಣ್ಣು ಕತ್ತಲೆ, ಕೈಕಾಲಲ್ಲಿ ಹುಲ್ಲುಕಡ್ಡಿ ಎತ್ತುವ ಬಲವಿಲ್ಲ. ಪಾರ್ಸೆಲ್ ಬಂದ ದಿನ ಒಂದು ಚಮಚ ಕುಡಿದೆ, ಸಂಜೆಗೆ ಎದ್ದು ಕೂತೆ. ಆಗಲೂ ನನಗೆ ಬುದ್ಧಿ ಬರಲಿಲ್ಲ. ನಿನ್ನ ಪುಡಿ ಎಷ್ಟು ಶ್ರೇಷ್ಠವೆಂದು ಬಂದವರಿಗೆಲ್ಲ ಹೇಳಿದೆ.

ಇನ್ನೊಂದು ವಿಷಯ ನಿನಗೆ ಬರೆದಿರಲಿಲ್ಲ. ನನ್ನ ಮುಖ ಊದಿಕೊಂಡಿದೆ. ಕೆನ್ನೆಗಳು ಕಣ್ಣನ್ನು ಒತ್ತುತ್ತವೆ. ಕತ್ತಿನ ಹಿಂದೆ ಎತ್ತಿನ ಹಿಣಿಲಿನ ಹಾಗೆ ಕೊಬ್ಬು ಕೂತಿದೆ. ಕೈಕಾಲು ಮಾತ್ರ ಕಡ್ಡಿ. ಮೇಜಿನ ಅಂಚು ತಾಗಿದರೆ ಸಾಕು, ನೇರಳೆ ಬಣ್ಣದ ಕಲೆ ಏಳುತ್ತದೆ. ಊರಿನವರು, "ಮುಖ್ಯೋಪಾಧ್ಯಾಯಿನಿ ಆಗೋ ಕಳೆ ಬಂದಿದೆ" ಅನ್ನುತ್ತಿದ್ದರು. ನಮ್ಮ ಮನೆಯವರು ತುಂಬಿಕೊಂಡಿದ್ದೀಯೆ, ಚೆನ್ನಾಗಿದೆ ಎಂದರು. ನಾನು ನಂಬಿದೆ.

ಮೊನ್ನೆ ಆರನೇ ತಾರೀಕು ಕೆಮ್ಮಿಗೆಂದು ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಪಾದಾಂಗ್ ಕಡೆಯ ಹೊಸ ಡಾಕ್ಟರು, ಸಣ್ಣ ವಯಸ್ಸು. ನಾನು ಬಾಗಿಲು ದಾಟಿ ಒಳಗೆ ಬರುವುದನ್ನು ನೋಡಿಯೇ ಪೆನ್ನು ಕೆಳಗಿಟ್ಟರು. ಕೆಮ್ಮಿನ ಮಾತೇ ಎತ್ತಲಿಲ್ಲ.

"ಯಾವ ಜಾಮು ಕುಡೀತಿದ್ದೀರಿ ಅಮ್ಮ?" ಎಂದರು.

ನಮ್ಮ ಅಕ್ಕನದು, ನಮ್ಮ ತಾಯಿಯ ಕಾಲದ್ದು ಎಂದೆ ಹೆಮ್ಮೆಯಿಂದ. ಅವರು ನನ್ನ ಕೈ ಹಿಡಿದು ಕಲೆಗಳನ್ನು ನೋಡಿದರು.

"ಮಣ್ಣಲ್ಲಿ ಬೆಳೆಯೋ ಯಾವ ಬೇರೂ ಮುಖಾನ ಹೀಗೆ ಮಾಡಲ್ಲ. ಇದು ಮಾತ್ರೆ. ಯಾರೋ ಅರೆದು ಹಾಕಿದ್ದಾರೆ."

ಹಾಗಿರಲಾರದು ಎಂದು ನಾನು ಜಗಳಾಡಿದೆ. ನನ್ನ ಅಕ್ಕ ಅಂಥವಳಲ್ಲ ಎಂದೆ. ಅವರು ಪೆಟ್ಟಿಗೆಯಿಂದ ಒಂದು ಬಿಳಿ ಮಾತ್ರೆ ತೆಗೆದು ತೋರಿಸಿದರು. ಈಗ ಅದೇ ಮಾತ್ರೆಯನ್ನು ನನಗೆ ಕೊಡುತ್ತಿದ್ದಾರೆ, ವಾರವಾರಕ್ಕೆ ಇಷ್ಟಿಷ್ಟೇ ಇಳಿಸುತ್ತ ಬರಬೇಕಂತೆ. ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯವಂತೆ. ಮೂಳೆ ಟೊಳ್ಳಾಗಿರಬಹುದು, ರಕ್ತದಲ್ಲಿ ಸಕ್ಕರೆ ಏರಿದೆ ಎಂದರು.

ಅದರಲ್ಲಿ ಏನಿದೆ ಎಂದು ನಿನ್ನ ಕೈಬರಹದಲ್ಲಿ ಬರೆ. ಡಾಕ್ಟರು ಹೇಳಿದ್ದು ಸುಳ್ಳು ಎಂದು ಬರೆದರೆ ನಾನು ನಿನ್ನನ್ನೇ ನಂಬುತ್ತೇನೆ.

ದರ್ಸಿನಿ ಎರಡು ವಾರದಿಂದ ಹೊಟ್ಟೆಯುರಿ ಎಂದು ತೆಂಪೆ ಮಾಡುವುದನ್ನೂ ಬಿಟ್ಟಿದ್ದಾಳೆ. ಅವಳಿಗೆ ಇನ್ನೂ ಏನೂ ಹೇಳಿಲ್ಲ. ನಿನ್ನ ಉತ್ತರ ಬರಲಿ ಎಂದು ಕಾಯುತ್ತಿದ್ದೇನೆ.

ವುರ್ಯಾನಿ


ಕೆದುಂಗ್‌ಸೊನೊ
30 ಜನವರಿ 1997

ವುರ್ಯಾನಿ,

ಡಾಕ್ಟರು ಹೇಳಿದ್ದು ನಿಜ.

ಮೊದಲು ದರ್ಸಿನಿಯ ವಿಷಯ. ಈ ಕಾಗದ ಕೈಗೆ ಬಂದ ಕೂಡಲೇ ಅವಳನ್ನು ಅದೇ ಡಾಕ್ಟರ ಬಳಿ ಕರೆದುಕೊಂಡು ಹೋಗು. ಪುಡಿಯನ್ನೂ ತೆಗೆದುಕೊಂಡು ಹೋಗು. ಒಮ್ಮೆಲೇ ಬಿಡಿಸಬೇಡ. ತಂತಿ ಕೊಡೋಣವೆಂದು ಅಂಚೆಕಚೇರಿಯವರೆಗೆ ಹೋದೆ. ಕಿಟಕಿಯಲ್ಲಿ ಕೂತವನು ನಮ್ಮ ಕೇರಿಯವನು. ಅವನ ಮುಂದೆ ಈ ಮಾತನ್ನು ಹೇಳಿ ಬರೆಸಲು ನಾಲಿಗೆ ಏಳಲಿಲ್ಲ. ಮನೆಗೆ ಬಂದು ಕಾಗದ ಬರೆಯುತ್ತಿದ್ದೇನೆ.

ಇನ್ನು ನಾನು ಮಾಡಿದ್ದು. ನಮ್ಮ ಊರಲ್ಲಿ ಜಾಮು ಮಾಡುವ ಮೂರು ಮನೆಗೊಂದು ಮನೆಯವರು ಹಾಕುತ್ತಾರೆ ಇದನ್ನು. ಪೇಟೆಯ ಹಿಂದಿನ ಸಾಲಿನಲ್ಲಿ ಮಾತ್ರೆಗಳನ್ನು ಅಕ್ಕಿಯ ಹಾಗೆ ಅಳೆದು ಕೊಡುತ್ತಾರೆ, ನೋವಿಗೆ ಬಿಳಿಯದು, ನಿದ್ದೆಗೆ ಹಳದಿಯದು. ನಾನು ಆ ಅಂಗಡಿಯ ಮುಂದೆ ಹಾದು ಹೋಗುವಾಗ ಮುಖ ತಿರುಗಿಸುತ್ತಿದ್ದೆ. ಅಂಗಡಿಯವನು ನನ್ನನ್ನು ನೋಡಿ, "ಬೇರು ನೆಚ್ಚಿಕೊಂಡ್ರೆ ಬೇರೇ ತಿನ್ಬೇಕಾಗುತ್ತೆ ಅಕ್ಕ" ಅನ್ನುತ್ತಿದ್ದ. ನನ್ನ ಗಿರಾಕಿಗಳು ಒಬ್ಬೊಬ್ಬರೇ ಕಳಚಿಕೊಳ್ಳುತ್ತಿದ್ದರು. ಮೋಟಾರ್ ಸೈಕಲ್ಲಿನಲ್ಲಿ ಬಂದು ಪೊಟ್ಟಣ ಮಾರುವವನದು ಒಂದೇ ರಾತ್ರಿಗೆ ನೋವು ಇಳಿಸುತ್ತದೆ ಎಂದು ನನ್ನ ಮುಖದೆದುರೇ ಹೇಳುತ್ತಿದ್ದರು. ಆಗಲೂ ನಾನು ಹಾಕಲಿಲ್ಲ. ಅಮ್ಮನ ಕಲ್ಲಿನ ಮೇಲೆ ಮಾತ್ರೆ ಅರೆಯುವಷ್ಟು ಕೆಟ್ಟಿಲ್ಲ ಎಂದುಕೊಂಡಿದ್ದೆ.

ಆಮೇಲೆ ನಿನ್ನ ಜೂನ್ ತಿಂಗಳ ಕಾಗದ ಬಂತು. ಅಮ್ಮನ ಕೈಗುಣ ನಿನಗೆ ಬಂದಿಲ್ಲ ಎಂದು ಬರೆದಿದ್ದೆ. ಅವಳ ಜೊತೆ ನಲವತ್ತು ವರ್ಷ ಅರೆದವಳು ನಾನು. ಅವಳ ಬುಟ್ಟಿ ಹೊತ್ತು ಹೊತ್ತು ನನ್ನ ಎಡಭುಜ ತಗ್ಗಿದೆ. ಆ ಬುಟ್ಟಿಯಿಂದ ನೀನು ಓದಿದೆ, ನಾನು ಓದಲಿಲ್ಲ. ಅವಳ ಮಲ ಬಳಿದದ್ದು ನಾನು. ಕೊನೆಗೆ ಅವಳ ಕೈಯಲ್ಲಿದ್ದದ್ದೂ ನನಗೆ ಬರಲಿಲ್ಲ ಎಂದು ತೀರ್ಪು ಕೊಟ್ಟದ್ದು ನೀನು. ಮಾರನೇ ದಿನ ಬೆಳಿಗ್ಗೆ ಆ ಅಂಗಡಿಗೆ ಹೋದೆ. ಮೊದಲು ಅರೆದದ್ದು ನಿನಗಾಗಿಯೇ. ಗಿರಾಕಿಗಳಿಗಲ್ಲ. ಅವರಿಗೆ ಹಾಕಿದ್ದು ನೀನು ಹೊಗಳಿ ಬರೆದ ಮೇಲೆ.

ಕೆಟ್ಟದಾಗುತ್ತದೆ ಎಂದು ಗೊತ್ತಿರಲಿಲ್ಲವೇ ಎಂದು ಕೇಳಬಹುದು. ಬಹಳ ದಿನ ಕುಡಿದರೆ ಮುಖ ಊದುತ್ತದೆ ಎಂದು ಗೊತ್ತಿತ್ತು. ಇಲ್ಲಿ ಅಂಥ ಮುಖಗಳನ್ನು ದಿನವೂ ನೋಡುತ್ತೇವೆ. ಜೀವ ಹೋಗುತ್ತದೆ ಎಂದು ಗೊತ್ತಿರಲಿಲ್ಲ. ಗೊತ್ತಿದ್ದಷ್ಟಕ್ಕೆ ನಿಲ್ಲಿಸಬೇಕಿತ್ತು. ಬೇರೆಯವರಿಗೆ ಹಂಚಬೇಡ ಎಂದು ಬರೆದೆ, ಅದೇ ಕೈಯಲ್ಲಿ ಹತ್ತು ಪೊಟ್ಟಣ ಕಟ್ಟಿದೆ. ನೀನು ಇನ್ನೊಂದು ಹೊಗಳಿಕೆಯ ಕಾಗದ ಬರೆಯಲಿ ಎಂದು.

ಇನ್ನೊಂದು ಮಾತು. ನಾನು ಮೊದಲು ಕಳಿಸಿದ್ದು ಅಮ್ಮನದೇ, ಒಂದು ಚಿಟಿಕೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಆ ಬಟ್ಟೆ ಅಂಗಡಿ ಹೆಂಗಸರು ಹಗುರಾಗಿ ಎದ್ದು ಹೋಗುತ್ತಿದ್ದದ್ದನ್ನು ನೀನು ನೋಡಿದೆ. ಅದಕ್ಕೂ ಮುಂಚೆ ಅಮ್ಮ ಬುಟ್ಟಿ ಇಳಿಸಿ, ಅವರ ಪಾದ ಒತ್ತುತ್ತ, ಗಂಡನ ಕತೆ ಸೊಸೆಯ ಕತೆ ಕೇಳುತ್ತ ಒಂದು ಗಂಟೆ ಕೂರುತ್ತಿದ್ದದ್ದನ್ನು ನೋಡಿರಲಿಲ್ಲ. ನೀನು ಶಾಲೆಗೆ ಹೋಗಿರುತ್ತಿದ್ದೆ. ಆ ಬಿಸಿ ಹೆಚ್ಚಿನವರಿಗೆ ಕೆಲವು ವರ್ಷಕ್ಕೆ ತಾನಾಗಿ ಇಳಿಯುತ್ತದೆ, ಅಲ್ಲಿಯವರೆಗೆ ಜೊತೆಗೆ ಒಬ್ಬರು ಬೇಕು, ಅಷ್ಟೇ ಎಂದು ಅಮ್ಮ ನನಗೆ ಹೇಳಿದ್ದಳು. ಅದನ್ನು ಅಂಚೆಯಲ್ಲಿ ಕಳಿಸುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ. ನಿನ್ನ ಮೇಲೆ ಅಷ್ಟು ಪ್ರೀತಿಯೂ ಉಳಿದಿರಲಿಲ್ಲ.

ಗಿಯಾರ್ತಿ


ಸಿತಿಯುಂಗ್
20 ಫೆಬ್ರವರಿ 1997

ಗಿಯಾರ್ತಿಗೆ,

ನಿನ್ನ ಕಾಗದ ಹದಿನೇಳಕ್ಕೆ ಬಂತು. ದರ್ಸಿನಿ ಜನವರಿ ಇಪ್ಪತ್ತಾರಕ್ಕೇ ತೀರಿಕೊಂಡಳು.

ಬೆಳಿಗ್ಗೆ ರಬ್ಬರ್ ತೋಟದಲ್ಲೇ ರಕ್ತ ಕಾರಿದಳು, ಕಪ್ಪು ರಕ್ತ. ರಬ್ಬರ್ ಹಾಳೆ ಸಾಗಿಸುವ ಲಾರಿಯಲ್ಲಿ ಮಲಗಿಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಹೊರಟೆವು. ತಲೆ ನನ್ನ ತೊಡೆಯ ಮೇಲಿತ್ತು. ಹೊಟ್ಟೆಯಲ್ಲಿ ತೂತು ಬಿದ್ದಿರಬೇಕು ಎಂದು ಆಮೇಲೆ ಹೇಳಿದರು. ನೋವು ಗೊತ್ತಾಗದ ಹಾಗೆ ಆ ಪುಡಿಯೇ ಮುಚ್ಚಿಟ್ಟಿತ್ತು ಎಂದು ನಮ್ಮ ಡಾಕ್ಟರು ನನ್ನೊಬ್ಬಳಿಗೇ ಹೇಳಿದರು. ದಾರಿಯಲ್ಲಿ ಅವಳು ಒಂದೇ ಮಾತಾಡಿದ್ದು. "ಮನೇಲಿ ಇನ್ನೂ ಪುಡಿ ಇದೆ ಟೀಚರಮ್ಮ, ನೀವು ಇಟ್ಕೊಳಿ, ವೇಸ್ಟ್ ಆಗ್ಬಾರ್ದು." ಅರ್ಧ ದಾರಿಯಲ್ಲೇ ಹೋದಳು.

ಆರನೇ ತಾರೀಕಿಗೆ ನನಗೆ ಗೊತ್ತಾಗಿತ್ತು. ಇಪ್ಪತ್ತು ದಿನ ಬೇಲಿಯಾಚೆಗಿದ್ದಳು. ನಾನು ನಿನ್ನ ಉತ್ತರಕ್ಕೆ ಕಾದೆ. ನೀನು ಇಲ್ಲವೆಂದು ಬರೆಯುತ್ತೀಯೆ ಎಂದು ಕಾದೆ. ಹಂಚಿದವಳು ನಾನೇ ಎಂದು ಒಪ್ಪಿಕೊಳ್ಳುವುದನ್ನು ಒಂದೊಂದೇ ದಿನ ಮುಂದೂಡಿದೆ.

ಊರಿನವರು ಹೊಟ್ಟೆಹುಣ್ಣು ಎಂದುಕೊಂಡಿದ್ದಾರೆ. ಹಾಗೆಯೇ ಇರಲಿ. ಡಾಕ್ಟರು ಏಪ್ರಿಲ್‌ಗೆ ಬೇರೆ ಕಡೆ ವರ್ಗವಾಗುತ್ತಾರೆ. ಜುಲೈಗೆ ನನ್ನ ನೇಮಕವಾಗಬೇಕು. ಈಗ ಹೇಳಿದರೆ ಸತ್ತವಳು ಎದ್ದು ಬರುತ್ತಾಳೆಯೇ? ಲಿಸ್ತ್ಯಾರಿಗೆ ತಾಯಿಯ ಸಾವಿನ ಜೊತೆ ಇನ್ನೊಂದು ಹೊರೆ ಯಾಕೆ? ಅವಳ ಮುಖ ನೋಡಿಕೊಂಡು ನಾನು ಇದೇ ಬೀದಿಯಲ್ಲಿ ಬದುಕಬೇಕು. ನೀನು ಸಮುದ್ರದಾಚೆ ಇದ್ದೀಯೆ. ನೀನೂ ಬಾಯಿ ಮುಚ್ಚಿಕೊಂಡಿರು. ಇಷ್ಟು ಮಾಡಿದ ಮೇಲೆ ನನಗಾಗಿ ಇದೊಂದನ್ನಾದರೂ ಮಾಡು.

ಇನ್ನು ನನಗೆ ಕಾಗದ ಹಾಕಬೇಡ.

ವುರ್ಯಾನಿ


ಸಿತಿಯುಂಗ್
9 ಮೇ 1997

ಪೂಜ್ಯ ಗಿಯಾರ್ತಿ ಅಮ್ಮನವರಿಗೆ,

ಲಿಸ್ತ್ಯಾರಿ ಮಾಡುವ ನಮಸ್ಕಾರಗಳು. ನಾನು ಯಾರೆಂದು ನಿಮಗೆ ಗೊತ್ತಿರಲಾರದು. ವುರ್ಯಾನಿ ಟೀಚರ್ ಪಕ್ಕದ ಮನೆಯ ದರ್ಸಿನಿ ನನ್ನ ತಾಯಿ. ನಿಮ್ಮ ಜಾಮುವಿನಿಂದ ಅಮ್ಮ ಕೊನೆಯ ಆರು ತಿಂಗಳು ಬಹಳ ಸುಖವಾಗಿದ್ದಳು. ಹೊಟ್ಟೆಹುಣ್ಣು ಬಂದು ಜನವರಿಯಲ್ಲಿ ತೀರಿಕೊಂಡಳು. ಕೊನೆಯವರೆಗೂ ನಿಮ್ಮ ಹೆಸರು ಹೇಳುತ್ತಿದ್ದಳು. ಟೀಚರ್ ನಮಗೆ ತುಂಬ ಒತ್ತಾಸೆಯಾಗಿದ್ದಾರೆ, ನಲವತ್ತನೇ ದಿನದ ಪ್ರಾರ್ಥನೆಗೆ ಅಕ್ಕಿ ಸಕ್ಕರೆ ಎಲ್ಲ ಅವರೇ ಕೊಟ್ಟರು.

ಅಮ್ಮನ ಪಾಲಿನ ಮರಗಳನ್ನೂ ಈಗ ನಾನೇ ಕೆತ್ತುತ್ತೇನೆ. ಸೊಂಟ ಹಿಡಿದುಕೊಂಡು ಏಳಲಾಗುತ್ತಿರಲಿಲ್ಲ. ಅಮ್ಮನ ಡಬ್ಬಿಯಲ್ಲಿ ಮೂರು ಪೊಟ್ಟಣ ಉಳಿದಿದ್ದವು, ಮಾರ್ಚಿನಿಂದ ಕುಡಿಯುತ್ತಿದ್ದೇನೆ. ನೋವು ಓಡಿಹೋಯಿತು. ಮುಖವೂ ತುಂಬಿಕೊಂಡಿದೆ ಎಂದು ಎಲ್ಲರೂ ಹೇಳುತ್ತಾರೆ. ಇನ್ನು ನಾಲ್ಕೈದು ದಿನಕ್ಕಾಗುವಷ್ಟು ಇದೆ. ಟೀಚರನ್ನು ಕೇಳಿದರೆ ಅವರ ಹತ್ತಿರ ಇಲ್ಲ, ನೀವು ಮಾಡುವುದನ್ನು ನಿಲ್ಲಿಸಿದ್ದೀರಿ ಎಂದರು. ಪಾರ್ಸೆಲ್ಲಿಗೆ ಸುತ್ತಿದ್ದ ಬಟ್ಟೆಯ ಮೇಲೆ ನಿಮ್ಮ ವಿಳಾಸ ಸಿಕ್ಕಿತು, ಅದಕ್ಕೇ ಧೈರ್ಯ ಮಾಡಿ ಬರೆಯುತ್ತಿದ್ದೇನೆ. ದಯವಿಟ್ಟು ಇಲ್ಲವೆನ್ನಬೇಡಿ. ನನ್ನ ಅತ್ತೆಗೂ ಈಗ ಮುಟ್ಟು ನಿಲ್ಲುವ ಕಾಲ, ಬಿಸಿಯೇರಿ ಒದ್ದಾಡುತ್ತಾರೆ. ಅವರಿಗೂ ಸೇರಿಸಿ ಕಳಿಸಿಕೊಡಿ.

ನಿಮ್ಮ ಮಗಳಂಥ,
ಲಿಸ್ತ್ಯಾರಿ


ಕೆದುಂಗ್‌ಸೊನೊ
20 ಮೇ 1997

ಲಿಸ್ತ್ಯಾರಿಗೆ,

ಇದಕ್ಕೆ ಮುಂಚೆ ನಿನಗೊಂದು ತಂತಿ ಬಂದಿರಬೇಕು. ಪುಡಿ ಅಪಾಯ, ಆದರೆ ಒಮ್ಮೆಲೇ ಬಿಡಬೇಡ, ಇವತ್ತೇ ಡಾಕ್ಟರ ಬಳಿ ಹೋಗು, ಅದರಲ್ಲಿ ಮಾತ್ರೆ ಇದೆ ಎಂದು ಕೊಟ್ಟಿದ್ದೆ. ಅಂಚೆಕಚೇರಿಯವನು ಎರಡು ಸಲ ಓದಿ ನನ್ನ ಮುಖ ನೋಡಿದ. ಬರೆದ ಹಾಗೆಯೇ ಕಳಿಸು ಎಂದೆ. ಸಂಜೆಯೊಳಗೆ ಕೇರಿಗೆಲ್ಲ ಗೊತ್ತಾಯಿತು.

ಪುಡಿಯಲ್ಲಿ ನಾನು ಬಿಳಿ ಮಾತ್ರೆ, ಹಳದಿ ಮಾತ್ರೆ ಅರೆದು ಹಾಕಿದ್ದೆ. ಅವುಗಳ ಹೆಸರನ್ನು ಅಂಗಡಿಯವನಿಂದ ಕೇಳಿ ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಈ ಕಾಗದವನ್ನೂ ಉಳಿದ ಪುಡಿಯನ್ನೂ ಡಾಕ್ಟರಿಗೆ ತೋರಿಸು. ಎಷ್ಟು ದಿನ ಕುಡಿದೆ ಎಂದು ಸರಿಯಾಗಿ ಹೇಳು. ಪುಡಿ ಮುಗಿದು ವಾಂತಿ, ತಲೆಸುತ್ತು ಬಂದರೆ ಯಾರಾದರೂ ಹೊತ್ತುಕೊಂಡಾದರೂ ನಿನ್ನನ್ನು ಆಸ್ಪತ್ರೆಗೆ ಮುಟ್ಟಿಸಬೇಕು. ಮುಖ ತುಂಬಿಕೊಂಡಿರುವುದು ಆರೋಗ್ಯವಲ್ಲ.

ನಿನ್ನ ತಾಯಿಯ ಹೊಟ್ಟೆಹುಣ್ಣು ನನ್ನ ಪುಡಿಯಿಂದ ಆದದ್ದು. ಇದನ್ನು ಬೇರೆ ತರಹ ಬರೆಯಲು ಬೆಳಿಗ್ಗೆಯಿಂದ ನೋಡಿದೆ, ಆಗಲಿಲ್ಲ.

ಟೀಚರ್ ನನ್ನ ಒಡಹುಟ್ಟಿದವಳು. ಇದನ್ನು ಹೇಳಬೇಡ ಎಂದು ನನ್ನನ್ನು ಕೇಳಿಕೊಂಡಿದ್ದಳು. ಫೆಬ್ರವರಿಯಿಂದ ನಾನೂ ಸುಮ್ಮನಿದ್ದೆ. ಗಿರಾಕಿಗಳಿಗೆ ಮಾತ್ರೆ ಹಾಕುವುದನ್ನು ಅಂದೇ ನಿಲ್ಲಿಸಿದೆ. ಆದರೆ ಕುಡಿದವರಿಗೆ ಯಾಕೆ ನಿಲ್ಲಿಸಿದೆ ಎಂದು ಹೇಳಲಿಲ್ಲ. ಡಬ್ಬಿಯಲ್ಲಿ ಉಳಿದದ್ದನ್ನು ಯಾರು ಕುಡಿಯುತ್ತಿರಬಹುದು ಎಂದು ಯೋಚಿಸಲಿಲ್ಲ. ನಿನ್ನ ಕಾಗದ ಬಂದ ಮೇಲೆ ಪೇಟೆಯಲ್ಲಿ ಒಬ್ಬೊಬ್ಬರ ಮುಂದೆಯೂ ಬುಟ್ಟಿ ಇಳಿಸಿ ಹೇಳುತ್ತಿದ್ದೇನೆ. ಹತ್ತೊಂಬತ್ತು ಜನಕ್ಕೆ ಹೇಳಿದೆ. ಒಬ್ಬಳು ಲೋಟ ಎಸೆದಳು. ಇಬ್ಬರು ಅದೇ ಪುಡಿ ಬೇಕು, ಮತ್ತೆ ಹಾಕು ಎಂದರು.

ನಿನ್ನ ತಾಯಿಗೆ ಕೊಡುವಾಗ ನನ್ನ ತಂಗಿಗೆ ಅದರಲ್ಲೇನಿದೆ ಎಂದು ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು. ಆಮೇಲಿನದನ್ನು ಅವಳನ್ನೇ ಕೇಳು. ಅದಕ್ಕೆ ನಾನು ಉತ್ತರ ಹೇಳಲಾರೆ. ಅವಳಿಗೂ ಇವತ್ತೇ ಒಂದು ಸಾಲು ಬರೆದು ಹಾಕಿದ್ದೇನೆ, ಲಿಸ್ತ್ಯಾರಿಗೆ ಎಲ್ಲ ತಿಳಿಸಿದ್ದೇನೆ ಎಂದು. ಅವಳು ಬಾಗಿಲು ತೆಗೆಯದಿದ್ದರೆ ಈ ಕಾಗದವನ್ನು ಶಾಲೆಗೆ ತೆಗೆದುಕೊಂಡು ಹೋಗು.

ನಿನ್ನ ಅತ್ತೆಗೆ ಏನೂ ಕಳಿಸುತ್ತಿಲ್ಲ. ಅವರನ್ನೂ ಡಾಕ್ಟರ ಬಳಿ ಕರೆದುಕೊಂಡು ಹೋಗು.

ಕ್ಷಮಿಸು ಎಂದು ಬರೆಯುವುದಿಲ್ಲ. ಪೊಲೀಸರಿಗೆ ಬೇಕಾಗಬಹುದು, ಅದಕ್ಕೆಂದೇ ಕೆಳಗೆ ಹೆಸರು, ಊರು ಪೂರ್ತಿ ಬರೆದಿದ್ದೇನೆ. ಬೆಳಿಗ್ಗೆ ಪೇಟೆಯಲ್ಲಿರುತ್ತೇನೆ, ಹನ್ನೊಂದರ ಮೇಲೆ ಮನೆಯಲ್ಲಿ. ಯಾರು ಬಂದರೂ ಸಿಗುತ್ತೇನೆ.

ಗಿಯಾರ್ತಿ
ದಿವಂಗತ ಸೋನೊ ರೆಜೊ ಅವರ ಹಿರಿಯ ಮಗಳು
ಬಾವಿಯ ಎದುರಿನ ಮೂರನೇ ಮನೆ
ಕೆದುಂಗ್‌ಸೊನೊ, ಸುಕೊಹರ್ಜೊ